ಡಿಕ್ಕಿಯಲ್ಲಿ ಎರಡು ಡ್ರೈವರ್

ಡ್ರೈವರ್ ಅಂದಕೂಡಲೇ ನಮ್ಮ ಬೈಲಹೊಂಗಲದ ಕಡೆ ಟ್ರ್ಯಾಕ್ಟರ್, ಟಂಟಂ ಓಡಿಸುವವರೇ ನೆನಪಾಗೋದು. ಗಾಲ್ಫ್ ಆಟದಲ್ಲಿ ಡ್ರೈವರ್ ಅಂದರೆ ಒಂದು ಕೋಲು. ಚೆಂಡನ್ನು ಸಣ್ಣ ಗೂಟದ ಮೇಲಿಟ್ಟು ದೂರಕ್ಕೆ ಹೊಡೆಯಲು ಬಳಸುವ, ಚೀಲದಲ್ಲಿರುವ ಎಲ್ಲ ಕೋಲುಗಳಿಗಿಂತ ಉದ್ದನೆಯ, ದಪ್ಪ ತಲೆಯ ಕೋಲು. ಅದನ್ನು ಕೊಳ್ಳುವವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ ಹೋಗುತ್ತೆ? ಫರ್ಗಿವ್‌ನೆಸ್ ಎಷ್ಟು? ಎರಡನೆಯದಕ್ಕೆ ನಮ್ಮವ್ವನ ಭಾಷೆಯಲ್ಲಿ ‘ಹೊಟ್ಟ್ಯಾಗ ಹಾಕ್ಕೊಳ್ಳೋದು’ ಅಂತ ಹೇಳಬಹುದು. ಚೆಂಡು ಮುಖದ ನಟ್ಟನಡುವೆ ತಾಕದೆ ಅತ್ತಿತ್ತ ತಾಕಿದರೂ ಕೋಲು ಆ ತಪ್ಪನ್ನು ಎಷ್ಟರಮಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂಬ ಲೆಕ್ಕ ಅದು.

ಬೆಂಗಳೂರಿನಲ್ಲಿ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ನಾನು ಮಾತ್ರ ಹೊಸಬ. ಎರಡು ವರ್ಷದಿಂದ ಆಫೀಸಿನ ಗೆಳೆಯರ ಜೊತೆ ಶನಿವಾರ ರೇಂಜ್‌ಗೆ ಹೋಗಿ ಬಕೆಟ್ ಚೆಂಡು ಹೊಡೆದು ಬರುವವನು. ಟೀಮಿನ ಹಿರಿಯರೊಬ್ಬರು ಕೆನಡಾಕ್ಕೆ ಹೊರಟಿದ್ದರು. ತಮ್ಮ ಎರಡು ಡ್ರೈವರ್ ಕೊಟ್ಟು, “ಊರಿಗೆ ಹೊಂಟೀರಲ್ಲ, ತಗೊಂಡು ಹೋಗ್ರಿ. ಒಂದು ಇಟ್ಕೊಳ್ರಿ, ಒಂದು ಸೋಮವಾರ ವಾಪಸ್ ಕೊಡ್ರಿ” ಅಂದರು. ಇಟ್ಟುಕೊಂಡಿದ್ದಕ್ಕೆ 22,000 ರೂಪಾಯಿ. ಅದೇ ವಾರ ಹೊಲದ ಬೋರಿನ ಮೋಟರ್ ಸುಟ್ಟಿತ್ತು. ಅಪ್ಪ ಫೋನಿನಲ್ಲಿ ಹೇಳಿದ ರಿಪೇರಿ ಖರ್ಚೂ ಹೆಚ್ಚುಕಡಿಮೆ ಅಷ್ಟೇ.

ಹೆದ್ದಾರಿ ಬಿಟ್ಟು ಕಿತ್ತೂರಿನಲ್ಲಿ ಚಹಾಕ್ಕೆ ನಿಂತೆ. ಕೋಟೆಯೊಳಗೆ ಹೋಗದೆ ಮುಂದೆ ಹೋಗಲು ನನ್ನ ಕೈಲಾಗುವುದಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು ಇಲ್ಲೇ. ಮುರಿದ ಅರಮನೆಯ ಗೋಡೆಗಳ ನಡುವೆ ಒಂದು ಕಡೆ ಧ್ರುವ ನಕ್ಷತ್ರ ನೋಡಲು ಬಿಟ್ಟ ಕಿಂಡಿ ತೋರಿಸುತ್ತಾರೆ. ನೋಡುವ ಕಣ್ಣನ್ನು ಒಂದೇ ದಿಕ್ಕಿಗೆ ಕಟ್ಟಿಹಾಕುವ ಅಂಥದೊಂದು ಕಿಂಡಿ ನನ್ನ ಕೋಲಿಗೂ ಬೇಕಿತ್ತು ಅನ್ನಿಸಿತು.

ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಬೈಲಹೊಂಗಲದಲ್ಲಿ. 1829ರಲ್ಲಿ ಆಕೆ ತೀರಿಕೊಂಡದ್ದೂ ಅಲ್ಲೇ, ಸಮಾಧಿಯೂ ಅಲ್ಲೇ. ಪೇಟೆ ದಾಟಿದರೆ ನಮ್ಮ ಹೊಲ. ಜೋಳ ಕಿತ್ತು ಕಣಕ್ಕೆ ಹಾಕಿಯಾಗಿತ್ತು. ಎರಿಮಣ್ಣು ಒಣಗಿ ಅಂಗೈ ಅಗಲ ಬಿರುಕು ಬಿಟ್ಟಿತ್ತು. ಇಂಥ ನೆಲದಲ್ಲಿ ಗಾಲ್ಫ್ ಆಡಲಾಗದು, ಆದರೆ ಡ್ರೈವರ್ ಅಳೆಯಲು ಹುಲ್ಲುಹಾಸಿಗಿಂತ ಇದೇ ಚಲೋ. ಚೆಂಡು ಎಲ್ಲಿ ಬಿತ್ತೋ ಅಲ್ಲಿ ಪುಸ್ ಅಂತ ಧೂಳು ಏಳುತ್ತದೆ. ಉರುಳಿ ಹೋದ ದೂರ ಲೆಕ್ಕಕ್ಕೆ ಬರುವುದಿಲ್ಲ. ಆಚೆ ತುದಿಯಲ್ಲಿ ಒಂದು ಬೇವಿನ ಗಿಡ, ಒಂದು ಬನ್ನಿ ಗಿಡ, ನಡುವೆ ಸುಮಾರು 40 ಗಜ. ಅದರೊಳಗೆ ಹೋದದ್ದು ಒಳಗೆ, ಹೊರಗೆ ಹೋದದ್ದು ಹೊರಗೆ. ದನ, ಮಂದಿ ಯಾರೂ ಆ ಕಡೆ ಇಲ್ಲ ಅಂತ ಎರಡೆರಡು ಸಲ ನೋಡಿ, ಓಣಿಯ ಹುಡುಗರನ್ನೆಲ್ಲ ನನ್ನ ಬೆನ್ನ ಹಿಂದೆ ನಿಲ್ಲಿಸಿದೆ. 45 ಗ್ರಾಂ ಚೆಂಡು ಹಣೆಗೆ ಬಡಿದರೆ ಆಟ ಅಲ್ಲ.

ಮೊದಲನೆಯ ಕೋಲಿನ ತಲೆ 440 ಸಿಸಿ, ಚೆಂಡಿಗೆ ತಿರುಗು ಕಡಿಮೆ ಕೊಡುವ ಜಾತಿ. ಇನ್ನೊಂದು ನಿಯಮ ಒಪ್ಪುವ ಗರಿಷ್ಠ ಗಾತ್ರದ್ದು, 460 ಸಿಸಿ. ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಮುಖದಿಂದ ಚೆಂಡು ಪುಟಿಯುವ ಪ್ರಮಾಣಕ್ಕೆ ನಿಯಮವೇ 0.83ರ ಗಡಿ ಹಾಕಿದೆ, ಹೆಸರಾಂತ ಕಂಪನಿಗಳೆಲ್ಲ ಆ ಗಡಿಯ ಹತ್ತಿರ ಬಂದು ಎಷ್ಟೋ ವರ್ಷವಾಯಿತು. ಹಾಗಾಗಿ ನಟ್ಟನಡುವೆ ತಾಕಿದರೆ ಹೋದ ವರ್ಷದ ಕೋಲಿಗೂ ಈ ವರ್ಷದ ಕೋಲಿಗೂ ದೂರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಇರುವುದು ನಡುವೆ ತಾಕದಾಗ.

ಆಗ ಕೋಲಿನ ತಲೆ ತಿರುಚಿಕೊಳ್ಳುತ್ತದೆ. ತಿರುಚದಂತೆ ತಡೆಯುವ ಗುಣಕ್ಕೆ ಎಂಒಐ ಅಂತಾರೆ. ಎಂಜಿನಿಯರಿಂಗ್‌ನಲ್ಲಿ ಎರಡು ಸೆಮಿಸ್ಟರ್ ಓದಿದ್ದೆ, ಆದರೆ ಅಪ್ಪ ಒಂದೇ ಮಾತಿನಲ್ಲಿ ಹೇಳಿದ: “ಕುಂಟಿ ಮ್ಯಾಲ ಕಲ್ಲು ಹೇರ್ತೀವಲ್ಲ, ನಡುವ ಹೇರಿದ್ರ ಒಂದ ಕಡೆ ಹೆಂಟಿ ತಾಕಿದಾಗ ಹೊಳ್ಳತೈತಿ. ಎರಡೂ ತುದಿಗೆ ಹೇರಿದ್ರ ಸೀದಾ ಹೋಗತೈತಿ.” ಅಷ್ಟೇ ವಿಷಯ. ತೂಕವನ್ನು ಅಂಚಿಗೆ, ಹಿಂಬದಿಗೆ ತಳ್ಳಿದಷ್ಟೂ ತಲೆ ಗಟ್ಟಿ ನಿಲ್ಲುತ್ತದೆ. ಅಡ್ಡಡ್ಡ ತಿರುಚುವಿಕೆಗೆ ನಿಯಮದ ಮಿತಿ 5,900, ಅಳತೆಯ ರಿಯಾಯಿತಿ 100. 2024ರಲ್ಲಿ ಪಿಂಗ್ ಕಂಪನಿ ‘10ಕೆ’ ಹೆಸರಿನ ಡ್ರೈವರ್ ತಂದಾಗ ಮಿತಿ 6,000 ಇರುವಲ್ಲಿ 10,000 ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಂಡಿದ್ದೆ. ಅಡ್ಡಡ್ಡ, ಮೇಲೆಕೆಳಗೆ ಎರಡೂ ಅಂಕಿ ಕೂಡಿಸಿದ ಮೊತ್ತ ಅದು. ಸುಳ್ಳಲ್ಲ, ಆದರೆ ಕೊಳ್ಳುವವರಿಗೆ ಗೊತ್ತಿರಬೇಕು.

ಒಂದೊಂದರಿಂದ 20 ಚೆಂಡು ಹೊಡೆದೆ. ಹುಡುಗರು ಹೆಜ್ಜೆ ಹಾಕಿ ಎಣಿಸಿದರು, ನಾನು ಫೋನಿನ ಜಿಪಿಎಸ್‌ನಲ್ಲಿ ತಾಳೆ ನೋಡಿದೆ. 440ರಲ್ಲಿ ನನ್ನ ಅತಿ ದೂರದ ಹೊಡೆತ 221 ಗಜ, 460ರಲ್ಲಿ 209. ಇಷ್ಟಕ್ಕೇ ನಿಲ್ಲಿಸಿದ್ದರೆ 440 ಗೆದ್ದಂತೆ. ರೇಂಜ್‌ನಲ್ಲಿ ನಾವೆಲ್ಲ ಮಾಡುವುದು ಅದನ್ನೇ, ಚಲೋ ಹೋದ ಒಂದನ್ನು ನೆನಪಿಟ್ಟುಕೊಂಡು ಮನೆಗೆ ಬರುತ್ತೇವೆ. ಆದರೆ 440ರ ಸರಾಸರಿ 168, ಏಳು ಚೆಂಡು ಗಿಡಗಳ ಹೊರಗೆ. 460ರ ಸರಾಸರಿ 189, ಹೊರಗೆ ನಾಲ್ಕು. ಕೋಲು ಹೋಲಿಸುವವರಿಗೆ ನನ್ನ ಸಲಹೆ ಇದೇ: 20 ಹೊಡೆತಗಳಲ್ಲಿ ಅತಿ ಕೆಟ್ಟ ಆರನ್ನು ಬೇರೆ ತೆಗೆದು, ಅವನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿ. ನೀವು ದುಡ್ಡು ಕೊಡುವುದು ಆ ಆರಕ್ಕೆ.

ದೂರದ ಹುಚ್ಚು ಇರುವವರು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಆಡುವುದನ್ನು ನೋಡಬೇಕು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ 60 ಮಂದಿಯಲ್ಲಿ ಡ್ರೈವರ್‌ನಿಂದ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಆಕೆ ಇದ್ದಳು. ಮುಗಿಸಿದ್ದು ನಾಲ್ಕನೆಯವಳಾಗಿ. ಪದಕದ ಪ್ಲೇ-ಆಫ್ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

ಮರುದಿನ ಅವ್ವನನ್ನು ಕರೆದುಕೊಂಡು ಸವದತ್ತಿ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿಗಳ ಸಾಲು, ‘ಉಧೋ ಉಧೋ’ ಕೂಗು, ಎಲ್ಲರ ಹಣೆ ಮೇಲೂ ಭಂಡಾರ. ಚೆಂಡು ಕೋಲಿನ ಮುಖದ ಯಾವ ಭಾಗಕ್ಕೆ ತಾಕಿತು ಅಂತ ತಿಳಿಯಲು ಅಲ್ಲಿ ಪುಡಿ ಹಚ್ಚಿ ಹೊಡೆಯುವ ಪದ್ಧತಿಯಿದೆ. ಭಂಡಾರದ ಹಳದಿ ಕಪ್ಪು ಲೋಹದ ಮೇಲೆ ಚಂದ ಎದ್ದು ಕಾಣುತ್ತಿತ್ತು, ಆದರೆ ಬಾಯಿಬಿಟ್ಟಿದ್ದರೆ ಅವ್ವ ನನ್ನನ್ನು ಗುಡ್ಡದಿಂದ ಇಳಿಸುತ್ತಿರಲಿಲ್ಲ. ಇಳಿಯುವಾಗ ನವಿಲುತೀರ್ಥದಲ್ಲಿ ಐದು ನಿಮಿಷ ನಿಂತೆವು. ಗುಡ್ಡ ಸೀಳಿಕೊಂಡು ಹೋಗುವ ಮಲಪ್ರಭೆಗೆ ಅಲ್ಲಿ ಅಣೆಕಟ್ಟು. ನೀರು ಕೆಳಗಿಳಿದಿತ್ತು.

ರಾಮದುರ್ಗದಲ್ಲಿ ಸೋದರಮಾವನ ಮನೆ. ಅತ್ತಿಯ ಪೌಡರ್ ಡಬ್ಬಿ ಇಸಿದುಕೊಂಡು ಹೊಳೆಯ ಕಡೆಯ ಹೊಲಕ್ಕೆ ಹೋದೆವು. 460ರ ಮುಖಕ್ಕೆ ಪೌಡರ್ ಬಳಿದು ಹೊಡೆದರೆ ಗುರುತುಗಳೆಲ್ಲ ಹೊರತುದಿಯ ಕಡೆ. ಬದುವಿನ ಮೇಲೆ ಕೂತು ನೋಡುತ್ತಿದ್ದ ಮಾವ ಎದ್ದು ಬಂದು ಕೋಲನ್ನು ಕೈಯಲ್ಲಿ ತೂಗಿದ.

“ಇಷ್ಟ ಉದ್ದ ಯಾಕೋ?”

“ಉದ್ದ ಇದ್ರ ವೇಗ ಜಾಸ್ತಿ ಮಾಮಾ.”

“ಚಿಣಿಫಣಿ ಆಡೂಮುಂದ ಸಣ್ಣ ಹುಡುಗರೂ ಹಂಗ ಅಂತಿದ್ವಿ. ಉದ್ದ ಫಣಿ ಮೊದಲ ಚಿಣಿಗೆ ತಾಕಬೇಕಲ್ಲ! ಮ್ಯಾಲ ಅಳಿಯೂದೂ ಅದ ಫಣಿಲೆ. ಉದ್ದ ಇದ್ರ ಎಣಿಕಿ ಕಡಿಮಿ ಬರತೈತಿ. ಗಿಡ್ಡ ಹಿಡಿ.”

ಮಾವನಿಗೆ ಗಾಲ್ಫ್ ಗೊತ್ತಿಲ್ಲ, ಆದರೆ ಈ ಮಾತು ಗಾಲ್ಫ್ ಕಲಿಸುವವರೂ ಹೇಳುತ್ತಾರೆ. ಅಂಗಡಿಯ ಡ್ರೈವರ್‌ಗಳು ಸಾಮಾನ್ಯವಾಗಿ 45.5 ಇಂಚಿನ ಆಸುಪಾಸು. ಕೋಲು ಉದ್ದವಾದಷ್ಟೂ ಚೆಂಡು ನಡುವೆ ತಾಕಿಸುವುದು ಕಷ್ಟ. ಹಿಡಿಯ ತುದಿಯಿಂದ ಒಂದು ಇಂಚು ಕೆಳಗೆ ಹಿಡಿದು ಮತ್ತೆ 20 ಹೊಡೆದೆ. ಅತಿ ದೂರದ್ದು 206, ಮೂರು ಗಜ ಖೋತಾ. ಸರಾಸರಿ 194ಕ್ಕೆ ಏರಿತು, 40 ಗಜದ ಅಗಲ ಬಿಟ್ಟು ಹೋದದ್ದು ಎರಡೇ. ಪೌಡರ್ ಗುರುತುಗಳು ತುದಿ ಬಿಟ್ಟು ನಡುವಿಗೆ ಸರಿದಿದ್ದವು. ಆಸೆಗೆ 440ನ್ನೂ ಹಾಗೇ ಗಿಡ್ಡ ಹಿಡಿದು ನೋಡಿದೆ. ಸುಧಾರಿಸಿತು, ಆದರೂ ನಾಲ್ಕು ಹೊರಗೆ ಹೋದವು. ಅದು ಗಂಟೆಗೆ ನೂರು ಮೈಲಿ ವೇಗದಲ್ಲಿ, ಪ್ರತಿ ಸಲ ಒಂದೇ ಜಾಗಕ್ಕೆ ಬೀಸುವವರ ಕೋಲು.

ಸೋಮವಾರ 440 ವಾಪಸ್ ಹೋಯಿತು. ಮೋಟರಿನ ದುಡ್ಡು ಅಪ್ಪನ ಖಾತೆಗೆ ಮೊದಲು ಹಾಕಿದೆ, 460ರ ದುಡ್ಡನ್ನು ಎರಡು ಕಂತಿನಲ್ಲಿ ಕೊಡಲು ಹಿರಿಯರು ಒಪ್ಪಿದರು. ಊರಿಗೆ ಒಯ್ದಿದ್ದ 20 ಹಳೆಯ ಚೆಂಡುಗಳಲ್ಲಿ ತಿರುಗಿ ಬಂದದ್ದು 17. ಮೂರು ರಾಮದುರ್ಗದ ಎರಿ ಬಿರುಕಿನೊಳಗೆ ಇಳಿದವು. ಮುಂಗಾರಿಗೆ ಕುಂಟಿ ಹೊಡೆಯುವಾಗ ಸಿಕ್ಕರೆ ಫೋನ್ ಮಾಡುತ್ತೇನೆ ಅಂದಿದ್ದಾನೆ ಮಾವ.