ಅಂಕೋಲೆಯ ಕೂಡುದಾರಿಯಲ್ಲಿ

ಕಾರವಾರವನ್ನು ಕುರಿತು ಬರೆದವರೆಲ್ಲರೂ ಕಡಲನ್ನು ವರ್ಣಿಸಿರುವರು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರಲ್ಲಿ ಬಂದಿದ್ದುದನ್ನೂ ಯಾವ ಪ್ರವಾಸಿಯೂ ಬರೆಯದೆ ಬಿಟ್ಟಿಲ್ಲ. ಆದುದರಿಂದ ಆ ಭಾಗವನ್ನು ನಾನು ಮುಟ್ಟುವುದಿಲ್ಲ. ಕಡಲಿನ ಮಗ್ಗುಲಲ್ಲಿಯೇ ಹಗಲಿರುಳು ಗುಡುಗುವ ಹೆದ್ದಾರಿಯೊಂದಿರುವುದು. ವಾಚಕರು ಇಂದು ನನ್ನೊಡನೆ ಆ ದಾರಿಯಲ್ಲಿ ಬರಬೇಕು.

ಬೈತಖೋಲದ ಬಂದರನ್ನು ಬಿಟ್ಟು ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾಗಳನ್ನು ದಾಟಿ ಅಂಕೋಲೆಯನ್ನು ಮುಟ್ಟುವುದಕ್ಕೆ ಸುಮಾರು 35 ಕಿಲೋಮೀಟರು. ಒಂದು ಕಡೆಗೆ ಸಹ್ಯಾದ್ರಿಯ ತಪ್ಪಲು, ಇನ್ನೊಂದು ಕಡೆಗೆ ನೀರು. ನಡುವಿನ ಇಕ್ಕಟ್ಟಾದ ನೆಲದಲ್ಲಿ ನೌಕಾನೆಲೆ, ರೈಲು, ಗದ್ದೆ, ತೆಂಗಿನ ತೋಟ, ಹೆದ್ದಾರಿ ಎಲ್ಲವೂ ಒಂದನ್ನೊಂದು ಒತ್ತಿಕೊಂಡು ನಿಂತಿರುವುವು. ಅಂಕೋಲೆಯ ಹತ್ತಿರ ಬಾಳೆಗುಳಿಯಲ್ಲಿ ದಾರಿ ಕವಲೊಡೆಯುವುದು. ನೇರವಾಗಿ ಹೋದರೆ ಕುಮಟೆ, ಮಂಗಳೂರು. ಪೂರ್ವಕ್ಕೆ ತಿರುಗಿದರೆ ಆರಬೈಲ ಘಟ್ಟವನ್ನೇರಿ ಯಲ್ಲಾಪುರ, ಹುಬ್ಬಳ್ಳಿ. ಬಳ್ಳಾರಿ ಹೊಸಪೇಟೆಗಳ ಕಡೆಯ ಕಬ್ಬಿಣದ ಅದಿರು ಬೇಲೇಕೇರಿ, ಕಾರವಾರ ಬಂದರುಗಳಿಗೆ ಇಳಿಯುತ್ತಿದ್ದುದು ಈ ಘಟ್ಟದಿಂದಲೇ. 2010ರಲ್ಲಿ ಸರಕಾರವು ಅದಿರಿನ ರಫ್ತನ್ನು ತಡೆದ ಮೇಲೆ ಕೆಂಪು ಧೂಳು ಅಡಗಿತು. ಆದರೆ ಅಂದು ಲಾರಿಗಳ ಸೇವೆಗಾಗಿ ಕೈ ಪಳಗಿಸಿಕೊಂಡ ಮಿಸ್ತ್ರಿಗಳ ವಿದ್ಯೆ ಊರಿನಲ್ಲಿಯೇ ಉಳಿಯಿತು.

ಲಾರಿಯವನ ಬಾಳು ಎಂತಹದೆಂಬುದನ್ನು 2024ನೆಯ ಇಸವಿಯು ಈ ಸೀಮೆಗೆ ಎರಡು ಸಲ ತೋರಿಸಿತು. ಜುಲೈ 16ರಂದು ಅಂಕೋಲೆಯ ದಕ್ಷಿಣಕ್ಕಿರುವ ಶಿರೂರಿನಲ್ಲಿ ಗುಡ್ಡ ಕುಸಿದು, ದಾರಿಯ ಬದಿಗೆ ನಿಂತಿದ್ದ ಲಾರಿಯೊಂದು ಚಾಲಕನೊಡನೆ ಗಂಗಾವಳಿಯ ಪಾಲಾಯಿತು. ಅದು ದೊರೆತುದು ಸಪ್ಟೆಂಬರಿನ ಕೊನೆಗೆ. ಅಗಸ್ಟ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಮುರಿದಾಗ ಲಾರಿಯೊಂದು ಹೊಳೆಗೆ ಬಿದ್ದಿತು. ದೈವವಶಾತ್ ಅದರ ಚಾಲಕನು ಬದುಕಿದನು. ಇವು ಪತ್ರಿಕೆಗಳಲ್ಲಿ ಬಂದ ಆಪತ್ತುಗಳು. ಪತ್ರಿಕೆಗಳಲ್ಲಿ ಬಾರದ ಆಪತ್ತುಗಳು ಗ್ಯಾರೇಜುಗಳಲ್ಲಿ ಕಾಣಸಿಗುವುವು. ಅಂತಹದೊಂದನ್ನು ಕಳೆದ ಕಾರ್ತಿಕಮಾಸದಲ್ಲಿ ನಾನು ಕಣ್ಣಾರೆ ಕಂಡೆನು.

ಹೆದ್ದಾರಿಯ ಪಕ್ಕದ ಆ ಗ್ಯಾರೇಜಿನ ಒಡೆಯನು ನನ್ನ ಹಳೆಯ ವಿದ್ಯಾರ್ಥಿ. ವಿಭಕ್ತಿಪ್ರತ್ಯಯಗಳು ಅವನಿಗೆ ಕೊನೆಯ ವರೆಗೂ ಒಲಿಯಲಿಲ್ಲ. ಯಂತ್ರವು ಮಾತ್ರ ಮಾತೃಭಾಷೆಯಂತೆ ಒಲಿದಿರುವುದು. ನಾನು ಸಂಜೆಯ ತಿರುಗಾಟದಲ್ಲಿ ಅಲ್ಲಿ ಕುಳಿತಿದ್ದಾಗ, ಕಾರವಾರದಿಂದ ಮಂಜುಗಡ್ಡೆಯಲ್ಲಿ ಬಂಗಡೆ ಮೀನನ್ನು ತುಂಬಿಕೊಂಡು ಹುಬ್ಬಳ್ಳಿಗೆ ಹೊರಟ ಲಾರಿಯೊಂದು ಏದುಸಿರು ಬಿಡುತ್ತ ಬಂದು ನಿಂತಿತು. ಚಾಲಕನು ಹಾವೇರಿಯ ಕಡೆಯವನು, ಲಾರಿಯೂ ಅವನದೇ. ಮನೆಯಾಕೆಯ ಬಂಗಾರವನ್ನು ಅಡವಿಟ್ಟು, ಉಳಿದುದಕ್ಕೆ ಸಾಲ ಮಾಡಿ ಕೊಂಡ ಹಳೆಯ ಗಾಡಿ. ವಾರದಿಂದಲೂ ರೇಡಿಯೇಟರಿನಲ್ಲಿ ನೀರು ಇಳಿಯುತ್ತಿದ್ದು, ಬೆಳಿಗ್ಗೆ ಬೆಳಿಗ್ಗೆ ತುಂಬುತ್ತಿದ್ದನಂತೆ. ಆದರೆ ನೆಲದ ಮೇಲೆ ಒಂದು ಹನಿಯೂ ಕಂಡಿರಲಿಲ್ಲ. ಅವರ್ಸಾ ದಾಟಿದ ಮೇಲೆ ಶಾಖದ ಮುಳ್ಳು ಏರತೊಡಗಿತ್ತು.

ಮಿಸ್ತ್ರಿಯು ಎಂಜಿನ್ನನ್ನು ನಿಲ್ಲಿಸಿ, ಎಣ್ಣೆಯನ್ನು ಅಳೆಯುವ ಕಡ್ಡಿಯನ್ನು ಎಳೆದು ದೀಪಕ್ಕೆ ಹಿಡಿದನು. ಕಪ್ಪಗಿರಬೇಕಾದ ಎಣ್ಣೆಯು ಹಾಲು ಬೆರೆಸಿದ ಚಹದ ಬಣ್ಣದ್ದಾಗಿದ್ದಿತು. ಇಳಿಯಬೇಕಾದ ಮಟ್ಟವು ಗುರುತನ್ನು ಮೀರಿ ಏರಿದ್ದಿತು. ಅದರಲ್ಲೊಂದು ಹನಿಯನ್ನು ಕಾದ ತಗಡಿನ ಮೇಲೆ ಬಿಟ್ಟಾಗ ಚಟಚಟನೆ ಸಿಡಿಯಿತು. ಶುದ್ಧವಾದ ಎಣ್ಣೆಯು ಹಾಗೆ ಸಿಡಿಯುವುದಿಲ್ಲ.

“ಮಿಸ್ತ್ರಿ, ಐಸ್ ಕರಗಾಕ ಹತ್ತೇತಿ. ಇದೊಂದು ಘಟ್ಟ ಹತ್ತಿಸಿಬಿಡ್ರಿ, ಹುಬ್ಬಳ್ಳ್ಯಾಗ ಬಿಚ್ಚಿಸ್ತೀನಿ,” ಎಂದು ಚಾಲಕನು ಅಂಗಲಾಚಿದನು.

“ಆರಬೈಲ್ ಅರ್ಧ ಹತ್ತೂದ್ರೊಳಗೆ ಎಂಜಿನ್ ಹಿಡ್ಕೊಳ್ತದೆ ಮಾರಾಯಾ. ಮೀನೂ ಹೋಯ್ತು, ಗಾಡಿಯೂ ಹೋಯ್ತು. ಕೀಲಿ ಇಲ್ಲಿ ಕೊಡು,” ಎಂದು ಮಿಸ್ತ್ರಿಯು ಕೈ ಚಾಚಿದನು.

ಕೀಲಿಯನ್ನು ಕೊಡುವುದಕ್ಕೆ ಆ ಮನುಷ್ಯನು ತೆಗೆದುಕೊಂಡ ಹೊತ್ತನ್ನು ನಾನು ಮರೆಯಲಾರೆನು. ಮನೆಗೆ ಫೋನು ಹಚ್ಚಿದನು, ಮಾತನಾಡದೆಯೇ ಕೆಳಗಿಟ್ಟನು. ಆಮೇಲೆ ಕೊಟ್ಟನು. ರಾತ್ರಿ ಹತ್ತರ ಸುಮಾರಿಗೆ ಘಟ್ಟದ ಕಡೆಗೆ ಹೊರಟಿದ್ದ ಇನ್ನೊಂದು ಖಾಲಿ ಲಾರಿಯನ್ನು ತಡೆದು, ಬಾಡಿಗೆಯಲ್ಲಿ ದೊಡ್ಡ ಪಾಲನ್ನು ಅವನಿಗೆ ಬಿಟ್ಟುಕೊಟ್ಟು, ಮೀನಿನ ಪೆಟ್ಟಿಗೆಗಳನ್ನು ಬದಲಾಯಿಸಿದರು.

ಎಂಜಿನ್ನಿನ ಒಳಗೆ ನೀರು, ಎಣ್ಣೆ ಎರಡಕ್ಕೂ ಪ್ರತ್ಯೇಕವಾದ ದಾರಿಗಳಿರುವುವು. ನೀರು, ಎಂದರೆ ಕೂಲೆಂಟು, ಸಿಲಿಂಡರುಗಳ ಸುತ್ತ ಹರಿದು ತಾಪವನ್ನು ಹೊತ್ತುಕೊಂಡು ಹೋಗುವುದು. ಎಣ್ಣೆಯು ತಿರುಗುವ ಲೋಹಗಳ ನಡುವೆ ತೆಳುವಾದ ಪೊರೆಯಾಗಿ ನಿಂತು, ಒಂದನ್ನೊಂದು ಉಜ್ಜದಂತೆ ತಡೆಯುವುದು. ನೀರು ಬೆರೆತ ಎಣ್ಣೆಗೆ ಆ ಪೊರೆ ಕಟ್ಟುವ ಶಕ್ತಿಯಿಲ್ಲ. ಮೇಲಾಗಿ ಕೂಲೆಂಟಿನಲ್ಲಿಯ ಗ್ಲೈಕಾಲ್ ಎಣ್ಣೆಯೊಡನೆ ಸೇರಿ ರಾಡಿಯಾಗಿ ಸಣ್ಣ ದಾರಿಗಳನ್ನು ಕಟ್ಟಿಬಿಡುವುದು. ಮೊದಲು ಸಾಯುವುವು ಕ್ರ್ಯಾಂಕಿನ ಬೇರಿಂಗುಗಳು. ನೀರು ಪಿಸ್ಟನ್ನಿನ ಮೇಲೆಯೇ ನಿಂತಿದ್ದರಂತೂ, ಎಂಜಿನ್ನನ್ನು ಹಚ್ಚುತ್ತಲೇ ಒಳಗಿನ ಕಬ್ಬಿಣದ ದಂಡವು ಬಾಗುವುದು; ನೀರನ್ನು ಅದುಮಿ ಕುಗ್ಗಿಸಲಾಗದು.

ಇಲ್ಲಿ ಒಂದು ವಿನೋದವನ್ನು ಹೇಳದಿರಲಾರೆನು. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಆದರೆ ನಮ್ಮ ತಾರ್ಕಿಕರು ಸ್ನೇಹವೆಂಬ ಗುಣವು ನೀರಿನಲ್ಲಿ ಮಾತ್ರ ಇರುವುದೆಂದೂ, ಎಣ್ಣೆಯಲ್ಲಿ ಕಾಣುವ ಸ್ನೇಹವು ಅದರೊಳಗಿನ ಜಲಾಂಶದ್ದೆಂದೂ ಸಾಧಿಸಿರುವರು. ತರ್ಕಸಂಗ್ರಹವನ್ನು ಹತ್ತಾರು ವರ್ಷ ಪಾಠ ಹೇಳಿದ ನಾನು ಈ ಮಾತನ್ನು ಮಿಸ್ತ್ರಿಗೆ ಹೇಳಿದೆನು. ಅವನು ನಕ್ಕು, “ಮಾಸ್ತರರೇ, ಅವರು ಈ ಚೇಂಬರ್ ಬಿಚ್ಚಿ ನೋಡಿರಲಿಲ್ಲ,” ಎಂದನು. ಎಣ್ಣೆ ತುಂಬಿರುವ ಕೆಳಗಿನ ಪಾತ್ರೆಗೆ ಅವರು ಚೇಂಬರ್ ಎನ್ನುವರು.

ನೀರು ಎಲ್ಲಿಂದ ಬಂದಿತೆಂಬುದನ್ನು ಕಂಡುಹಿಡಿಯುವುದರಲ್ಲಿಯೇ ಮಿಸ್ತ್ರಿಯ ಪಾಂಡಿತ್ಯವಿರುವುದು. ದಾರಿಗಳು ಹಲವು. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು, ಹೆಡ್ಡೇ ಬಿರಿದಿರಬಹುದು, ಲೈನರಿನ ಕೆಳಗಿನ ರಬ್ಬರಿನ ಉಂಗುರಗಳು ಸವೆದಿರಬಹುದು, ಲೈನರಿಗೇ ಸೂಜಿಯ ಮೊನೆಯಷ್ಟು ತೂತು ಬಿದ್ದಿರಬಹುದು, ಇಲ್ಲವೆ ಆಯಿಲ್ ಕೂಲರ್ ತೂತಾಗಿರಬಹುದು. ಅವಸರದ ಮಿಸ್ತ್ರಿಯು ಕೂಡಲೇ ಹೆಡ್ಡನ್ನು ಬಿಚ್ಚುವನು, ಬಡವನ ಖರ್ಚು ಏರುವುದು. ಇವನು ಹಾಗೆ ಮಾಡಲಿಲ್ಲ. ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ ರೇಡಿಯೇಟರಿನ ಮುಚ್ಚಳವನ್ನು ತೆರೆದನು. (ಬಿಸಿಯಿರುವಾಗ ತೆರೆದು ಮುಖ ಸುಟ್ಟುಕೊಂಡವರು ಎಷ್ಟೋ ಮಂದಿ.) ನೀರಿನ ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿದ್ದಿತು. ಅಷ್ಟರಿಂದಲೇ ಅವನ ಸಂಶಯವು ಕೂಲರಿನ ಕಡೆಗೆ ತಿರುಗಿತು. ಕಾರಣವೇನೆಂದರೆ, ಕೂಲರಿನಲ್ಲಿ ಎಣ್ಣೆ ನೀರುಗಳ ನಡುವೆ ತೆಳುವಾದ ಲೋಹದ ಗೋಡೆಯೊಂದೇ ಇರುವುದು. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಹೆಚ್ಚು, ಆಗ ಎಣ್ಣೆಯು ನೀರಿಗೆ ನುಗ್ಗುವುದು. ನಿಲ್ಲಿಸಿದೊಡನೆ ಎಣ್ಣೆಯ ಒತ್ತಡ ಇಳಿಯುವುದು, ಬಿಸಿನೀರಿನದು ಕೆಲಹೊತ್ತು ಉಳಿಯುವುದು. ಆಗ ನೀರು ಎಣ್ಣೆಗೆ ನುಗ್ಗುವುದು.

ರಾತ್ರಿಯೆಲ್ಲ ಗಾಡಿಯನ್ನು ಹಾಗೆಯೇ ನಿಲ್ಲಿಸಿ, ಬೆಳಿಗ್ಗೆ ಚೇಂಬರಿನ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿದಾಗ ಮೊದಲು ಬಂದುದು ನೀರು; ಭಾರವಾದುದರಿಂದ ಅದು ತಳಕ್ಕಿಳಿದಿದ್ದಿತು. ಕೂಲರನ್ನು ಕಳಚಿ, ಒಂದು ಬಾಯಿಯನ್ನು ಮುಚ್ಚಿ, ಇನ್ನೊಂದರಿಂದ ಗಾಳಿಯನ್ನೊತ್ತಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದನು. ಒಂದೇ ಮೂಲೆಯಿಂದ ಮುತ್ತಿನ ಸರದಂತೆ ಗುಳ್ಳೆಗಳು ಎದ್ದುವು. ಚಾಲಕನು ಮಗುವಿನಂತೆ ಬಗ್ಗಿ ನೋಡಿದನು. ಹೆಡ್ಡನ್ನು ಬಿಚ್ಚುವ ಪ್ರಮೇಯವು ತಪ್ಪಿತು. ಆದರೂ ಚೇಂಬರನ್ನಿಳಿಸಿ ಒಂದು ಬೇರಿಂಗನ್ನು ತೆಗೆದು ನೋಡಿದರು, ಗೀರು ಬಿದ್ದಿರಲಿಲ್ಲ. ಆರಬೈಲನ್ನು ಏರಿದ್ದರೆ ಆ ಬೇರಿಂಗು ಹಾಗಿರುತ್ತಿರಲಿಲ್ಲ.

ಕೂಲರು ತುಕ್ಕು ಹಿಡಿದುದಕ್ಕೆ ಕಾರಣವು ದುರೂಹ್ಯವೇನಲ್ಲ. ಕೂಲೆಂಟಿಗೆ ದುಡ್ಡು ಕೊಡಬೇಕಾಗುವುದೆಂದು ವರ್ಷಗಟ್ಟಲೆ ಬರಿಯ ನೀರನ್ನೇ ಹೊಯ್ದಿದ್ದನು. ಅದರಲ್ಲಿಯೂ ಕರಾವಳಿಯ ಉಪ್ಪು ಬಾವಿಗಳ ನೀರು. ಕೂಲೆಂಟು ತಂಪಿಗಷ್ಟೇ ಇರುವುದಲ್ಲ, ತುಕ್ಕನ್ನು ತಡೆಯುವುದಕ್ಕೂ ಇರುವುದು. ಶುದ್ಧಜಲದೊಡನೆ ಸಮಪಾಲು ಬೆರೆಸಿ ಹೊಯ್ಯುವುದು ರೂಢಿ. ಮನೆಯಲ್ಲಿ ಕಾರು ಇರುವ ವಾಚಕರಿಗೆ ಒಂದು ಮಾತು: ಮಳೆಗಾಲದಲ್ಲಿ ನಾಲ್ಕು ಹೆಜ್ಜೆ ಓಡಿಸಿ ನಿಲ್ಲಿಸುವ ಗಾಡಿಯ ಎಣ್ಣೆಯ ಮುಚ್ಚಳದ ಒಳಗೆ ಬೆಣ್ಣೆಯಂತಹ ಬಿಳುಪು ಕಂಡರೆ ಗಾಬರಿಯಾಗಬೇಕಿಲ್ಲ, ಅದು ಬಹುಶಃ ಹವೆಯ ತೇವ. ಕಡ್ಡಿಯಲ್ಲಿಯೂ ಅದೇ ಬಣ್ಣ ಕಂಡು, ನೀರೂ ಇಳಿಯುತ್ತಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು.

ಹೊಸ ಕೂಲರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದಿತು. ನೀರಿನ ದಾರಿಯನ್ನು ತೊಳೆದು, ಜಿಡ್ಡಿಗೆ ಉಬ್ಬಿದ ರಬ್ಬರಿನ ನಳಿಗೆಗಳನ್ನು ಬದಲಿಸಿ, ಹೊಸ ಎಣ್ಣೆ ಫಿಲ್ಟರುಗಳನ್ನು ಹಾಕಿ ಸ್ವಲ್ಪ ಹೊತ್ತು ಓಡಿಸಿ, ಅವನ್ನೂ ಚೆಲ್ಲಿ ಎರಡನೆಯ ಸಲ ಹಾಕಿದರು. ಎರಡು ಸಲದ ಎಣ್ಣೆಯ ಬೆಲೆಯನ್ನು ಕೇಳಿ ಚಾಲಕನು ತಲೆಯ ಮೇಲೆ ಕೈಯಿಟ್ಟನು. ಮಿಸ್ತ್ರಿಯು ತನ್ನ ಕೂಲಿಯ ಅರ್ಧವನ್ನು ಮುಂದಿನ ಬಾಡಿಗೆಯ ವರೆಗೆ ನಿಲ್ಲಿಸಿಕೊಂಡನು. ಮೂರನೆಯ ದಿನ ಸಂಜೆ ಲಾರಿಯು ಮತ್ತೆ ಬೈತಖೋಲದ ಕಡೆಗೆ ಮೀನಿಗೆಂದು ಹೊರಟಿತು. ತೂತು ಬಿದ್ದ ಕೂಲರು ಗುಜರಿಗೆ ಹೋಗದೆ ಗ್ಯಾರೇಜಿನ ಗೋಡೆಯಲ್ಲಿ ತೂಗುತ್ತಿರುವುದು. ಕೆಲಸ ಕಲಿಯಲು ಬಂದ ಹುಡುಗರಿಗೆ ಅದನ್ನು ತೋರಿಸುವನಂತೆ.