ಮೊದಲೇ ಆಡಿಡಬೇಕಾದ ಮಾತು

ನಮ್ಮಣ್ಣನವರು ವ್ಯವಹಾರದಲ್ಲಿ ಬಹಳ ಕಟ್ಟುನಿಟ್ಟಿನವರು. ಮನೆ, ಗದ್ದೆ, ತೋಟಗಳು ತಮ್ಮ ತರುವಾಯ ಯಾರಿಗೆ ಸಲ್ಲತಕ್ಕುವೆಂಬುದನ್ನು ಬರೆಯಿಸಿ, ರಿಜಿಸ್ಟರು ಮಾಡಿಸಿ, ಪೆಟ್ಟಿಗೆಯಲ್ಲಿ ಭದ್ರಪಡಿಸಿದ್ದರು. ತಮ್ಮ ದೇಹದ ವಿಷಯವಾಗಿ ಮಾತ್ರ ಒಂದು ಪಂಕ್ತಿಯನ್ನಾದರೂ ಬರೆದಿರಲಿಲ್ಲ.

ಅವರ ಹೃದಯವು ನಾಲ್ಕು ವರ್ಷಗಳಿಂದ ಬಲಗುಂದಿತ್ತು. ಕಾಲು ಊದುವುದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ರಾತ್ರಿ ಮೂರು ದಿಂಬುಗಳಿಗೆ ಒರಗಿದಲ್ಲದೆ ನಿದ್ರೆಯಿಲ್ಲ. ಈ ವ್ಯಾಧಿಯ ಗತಿ ವಿಲಕ್ಷಣವಾದುದು. ಒಮ್ಮೆ ಉಲ್ಬಣಿಸಿ ಆಸ್ಪತ್ರೆಗೆ ಒಯ್ಯುವಂತಾಗುವುದು. ನೀರಿಳಿಸುವ ಔಷಧಗಳಿಂದ ರೋಗಿಯು ಚೇತರಿಸಿಕೊಂಡು ನಗುತ್ತ ಮನೆಗೆ ಬರುವನು. ಆದರೆ ಹಲವು ವೇಳೆ ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲುವನು. ಆ ಚೇತರಿಕೆಯೇ ನಮ್ಮನ್ನು ವಂಚಿಸುವುದು. "ಕಳೆದ ಸಲವೂ ಬದುಕಿ ಬಂದರಲ್ಲ" ಎಂಬ ಧೈರ್ಯದಿಂದ ಆಡಬೇಕಾದ ಮಾತು ಮುಂದುಮುಂದಕ್ಕೆ ಹೋಗುವುದು.

ಒಂದು ಸಂಜೆ ಅಣ್ಣನವರೇ, "ಇನ್ನೊಮ್ಮೆ ಹೀಗಾದರೆ ನನ್ನನ್ನು..." ಎಂದು ಆರಂಭಿಸಿದರು. ನಾವು, "ಅಮಂಗಳವನ್ನೇಕೆ ನುಡಿಯುವಿರಿ?" ಎಂದು ತಡೆದೆವು. ಅವರು ಸುಮ್ಮನಾದರು. ಮೂರು ತಿಂಗಳಾಗುವಷ್ಟರಲ್ಲಿ ಅವರು ಉಸಿರಾಟದ ಯಂತ್ರಕ್ಕೊಳಗಾಗಿ ಒಂಬತ್ತು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. "ಇವರ ಇಚ್ಛೆ ಏನಿತ್ತು?" ಎಂದು ವೈದ್ಯರು ಕೇಳಿದಾಗ ಹಿರಿಯ ಮಗನು ಒಂದು ಹೇಳಿದನು, ಕಿರಿಯನು ಇನ್ನೊಂದು ಹೇಳಿದನು; ಅತ್ತಿಗೆಯವರು ನಮ್ಮ ಮುಖವನ್ನು ನೋಡಿದರು. ನಮಗೇನು ತಿಳಿದಿತ್ತು? ತಿಳಿಯುವ ಸಂದರ್ಭವನ್ನು ನಾವೇ ಕೆಡಿಸಿದ್ದೆವು. ಆ ಅಣ್ಣತಮ್ಮಂದಿರು ಇಂದಿಗೂ ಮನಬಿಚ್ಚಿ ಮಾತಾಡುವುದಿಲ್ಲ.

ಶಾಲೆಯಲ್ಲಿ ಮಹಾಭಾರತವನ್ನು ಎಷ್ಟು ಸಲ ಪಾಠ ಹೇಳಿದೆವೋ! ಶರಶಯ್ಯೆಯಲ್ಲಿದ್ದ ಭೀಷ್ಮರ ಬಳಿಗೆ ಧರ್ಮರಾಯನು ಹೋಗಿ ಕುಳಿತು ಕೇಳಿದುದರಿಂದಲ್ಲವೆ ಶಾಂತಿಪರ್ವವು ಲೋಕಕ್ಕೆ ದೊರೆತುದು? ಅಲ್ಲಿ ಯಾರೂ ಅಮಂಗಳವೆಂದು ಪಿತಾಮಹನ ಬಾಯಿ ಮುಚ್ಚಿಸಲಿಲ್ಲ. ಓದಿಸಿದ ನಮಗೆ ಅದರ ಅರ್ಥವು ತಡವಾಗಿ ಹೊಳೆಯಿತು.

ಬಳಿಕ ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ. 2018ನೆಯ ಇಸವಿ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು, ಘನತೆಯಿಂದ ಮರಣ ಹೊಂದುವುದೂ ಬದುಕುವ ಹಕ್ಕಿನಲ್ಲಿಯೇ ಸೇರಿದುದೆಂದು ಹೇಳಿ, ಮುಂಗಡವಾಗಿ ಬರೆದಿಟ್ಟ ಇಚ್ಛಾಪತ್ರಕ್ಕೆ ಮಾನ್ಯತೆಯಿತ್ತಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಸ್ವಸ್ಥಬುದ್ಧಿಯುಳ್ಳ ವಯಸ್ಕರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢೀಕರಿಸಿಕೊಳ್ಳಬೇಕು. ತಮ್ಮ ಪರವಾಗಿ ನುಡಿಯತಕ್ಕ ಆಪ್ತರನ್ನು ಅದರಲ್ಲಿ ಹೆಸರಿಸಬೇಕು. ರೋಗಿಯು ತಾನೇ ಹೇಳಲು ಶಕ್ತನಾಗಿರುವವರೆಗೆ ಅವನ ಮಾತೇ ಪ್ರಮಾಣ. ಪತ್ರವನ್ನು ಯಾವಾಗ ಬೇಕಾದರೂ ತಿದ್ದಬಹುದು, ರದ್ದುಮಾಡಲೂಬಹುದು. ಗುಣವಾಗುವ ಆಸೆಯಿಲ್ಲವೆಂದು ಎರಡು ವೈದ್ಯಮಂಡಲಿಗಳು ಒಪ್ಪಿದಲ್ಲದೆ ಜೀವಾಧಾರದ ಯಂತ್ರವನ್ನು ತೆಗೆಯುವಂತಿಲ್ಲ. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಇದನ್ನು ನಡೆಸಿಕೊಡಲು ಆಜ್ಞೆ ಹೊರಡಿಸಿತು.

ಆದರೆ ಪತ್ರಕ್ಕಿಂತ ಮಾತು ಮುಖ್ಯ. ಮರಳಿ ಉಲ್ಬಣಿಸಿದರೆ ಆಸ್ಪತ್ರೆಯೋ ಮನೆಯೋ? ಉಸಿರಾಟದ ಯಂತ್ರವು ಬೇಕೋ ಬೇಡವೋ? ಕೆಲವರ ಎದೆಯೊಳಗೆ ಹೃದಯದ ಲಯ ತಪ್ಪಿದಾಗ ವಿದ್ಯುದಾಘಾತ ಕೊಡುವ ಡಿಫಿಬ್ರಿಲೇಟರ್ ಯಂತ್ರವಿರುವುದು. ಅದು ಕಡೆಗಾಲದಲ್ಲಿಯೂ ಆಘಾತ ಕೊಟ್ಟು ಹಿಂಸಿಸಬಹುದು. ಶಸ್ತ್ರಕ್ರಿಯೆಯಿಲ್ಲದೆ ಹೊರಗಿನಿಂದಲೇ ಆ ಆಘಾತವನ್ನು ನಿಲ್ಲಿಸಿಡಬಹುದೆಂದು ಎಷ್ಟು ಮನೆಯವರು ಬಲ್ಲರು? ಇವನ್ನೆಲ್ಲ ವೈದ್ಯರೊಡನೆ, ರೋಗಿಗೆ ಶಕ್ತಿಯಿರುವಾಗಲೇ, ಮನೆಮಂದಿಯ ಸಮಕ್ಷದಲ್ಲಿ ಮಾತಾಡಬೇಕು. ಇದು ಚಿಕಿತ್ಸೆಯನ್ನು ತೊರೆಯುವುದಲ್ಲ. ಉಸಿರಿನ ಸಂಕಟವನ್ನೂ ನೋವನ್ನೂ ಶಮನಗೊಳಿಸುವ ಉಪಶಾಮಕ ಚಿಕಿತ್ಸೆಯು ಹೃದಯದ ಔಷಧಗಳ ಜೊತೆಜೊತೆಯಲ್ಲಿಯೇ ನಡೆಯತಕ್ಕುದು.

ಕಳೆದ ದೀಪಾವಳಿಗೆ ಮಕ್ಕಳು ಬಂದಿದ್ದಾಗ ನಾವು ನಮ್ಮ ಇಚ್ಛೆಯನ್ನು ಅವರ ಮುಂದೆ ಹೇಳಿದೆವು. ನಮ್ಮ ಗೃಹಿಣಿಯು ಮೊದಲು ಕಣ್ಣೊರಸಿಕೊಂಡಳು. ಆಮೇಲೆ, "ನನ್ನದನ್ನೂ ಬರೆದುಕೊಳ್ಳಿ" ಎಂದಳು. ಆ ಎರಡು ಪತ್ರಗಳನ್ನು ನಾವು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿಲ್ಲ. ಎಲ್ಲರ ಕೈಗೂ ಸಿಕ್ಕುವಂತೆ ಪಂಚಾಂಗದ ಪಕ್ಕದಲ್ಲಿ ಇರಿಸಿದ್ದೇವೆ.