ವೇಣೂರಿನಲ್ಲಿ ಅರ್ಧ ನಿಮಿಷ

ಮೂಡುಬಿದಿರೆಯಿಂದ ಅಡಿಕೆ, ರಬ್ಬರು ತೋಟಗಳ ನಡುವೆ ಸುಮಾರು 20 ಕಿ.ಮೀ. ಸಾಗಿದರೆ ಬೆಳ್ತಂಗಡಿ ತಾಲೂಕಿನ ವೇಣೂರು. ಫಲ್ಗುಣಿ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಅಜಿಲ ಅರಸರ ಆಳ್ವಿಕೆಯ ಕೇಂದ್ರ. 1604ರಲ್ಲಿ ತಿಮ್ಮಣ್ಣ ಅಜಿಲ ಇಲ್ಲಿ ಸುಮಾರು 35 ಅಡಿ ಎತ್ತರದ ಏಕಶಿಲಾ ಬಾಹುಬಲಿಯನ್ನು ನಿಲ್ಲಿಸಿದ. ಶ್ರವಣಬೆಳಗೊಳ ಮತ್ತು ಕಾರ್ಕಳದ ಮೂರ್ತಿಗಳಿಗೆ ಹೋಲಿಸಿದರೆ ಇದು ಚಿಕ್ಕದು. ಆದರೆ ಬೆಟ್ಟ ಹತ್ತುವ ಶ್ರಮವಿಲ್ಲ. ಅಂಗಳಕ್ಕೆ ಕಾಲಿಟ್ಟೊಡನೆ ಬಾಹುಬಲಿ ಎದುರಿಗೇ ನಿಂತಿರುತ್ತಾನೆ. ಅಕ್ಕಂಗಳ ಬಸದಿ, ಕಲ್ಲು ಬಸದಿ ಮೊದಲಾದ ಹಳೆಯ ಬಸದಿಗಳೂ ಊರಿನಲ್ಲಿವೆ.

ಶಾಲಾ ಪ್ರವಾಸದ ದಿನಗಳಲ್ಲಿ ಈ ಅಂಗಳದಲ್ಲಿ ಮಕ್ಕಳದೇ ರಾಜ್ಯ. ಮೂರ್ತಿಯ ಬುಡದಲ್ಲಿ ಸದಾ ಯಾರಾದರೂ ನಡೆದಾಡುತ್ತಿರುತ್ತಾರೆ. ಜನರಿಲ್ಲದ ಒಂದು ಚಿತ್ರ ಬೇಕೆಂದರೆ ಏನು ಮಾಡಬೇಕು? ಯಾರನ್ನೂ ಸರಿಯಲು ಹೇಳಬೇಕಾಗಿಲ್ಲ. ಒಂದು ಕಪ್ಪು ಗಾಜು, ಒಂದು ಪುಟ್ಟ ಕ್ಯಾಮೆರಾ ಮತ್ತು ಅರ್ಧ ನಿಮಿಷದ ತಾಳ್ಮೆ ಇದ್ದರೆ ಸಾಕು.

ಮೊಬೈಲ್ ಬಂದ ಮೇಲೆ ಅನೇಕ ಮನೆಗಳ ಕಪಾಟಿನಲ್ಲಿ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಮೂಲೆ ಸೇರಿವೆ. ಅವುಗಳಲ್ಲಿ ಶಟರ್ ವೇಗವನ್ನು ನಾವೇ ನಿರ್ಧರಿಸಬಹುದಾದ ಮಾದರಿ ಇದ್ದರೆ, ರಜೆಯಲ್ಲಿ ಮಕ್ಕಳ ಕೈಗೆ ಕೊಡಿ. ವಿಜ್ಞಾನದ ಒಂದು ಒಳ್ಳೆಯ ಪಾಠ ಅದರೊಳಗಿದೆ.

ಬೆಳಕನ್ನು ಕಳೆಯುವ ಗಾಜು

ಶಟರ್ ತೆರೆದಿರುವಷ್ಟು ಹೊತ್ತು ಕ್ಯಾಮೆರಾ ಬೆಳಕನ್ನು ಕೂಡಿಸುತ್ತಲೇ ಇರುತ್ತದೆ. ಕೊಡಕ್ಕೆ ನಲ್ಲಿಯ ನೀರು ಹಿಡಿದಂತೆ! ನಲ್ಲಿ ಜೋರಾಗಿ ಬಿಟ್ಟರೆ ಕೊಡ ಬೇಗ ತುಂಬುತ್ತದೆ. ಸಣ್ಣಗೆ ಬಿಟ್ಟರೆ ಹೊತ್ತು ಹಿಡಿಯುತ್ತದೆ. ಹಗಲಿನ ಬೆಳಕು ಬಲು ಜೋರಿನ ನಲ್ಲಿ. ಚೆನ್ನಾಗಿ ಬಿಸಿಲಿರುವಾಗ ಐಎಸ್‌ಓ 100, ಎಫ್ 8ರಲ್ಲಿ ಸೆಕೆಂಡಿನ 400ನೇ ಒಂದು ಭಾಗದಲ್ಲೇ ಚಿತ್ರ ತುಂಬಿಬಿಡುತ್ತದೆ. ದೊಡ್ಡ ಕ್ಯಾಮೆರಾಗಳಲ್ಲಿ ಬೆಳಕಿನ ಕಿಂಡಿಯನ್ನು ಎಫ್ 16, ಎಫ್ 22ರವರೆಗೆ ಕಿರಿದಾಗಿಸಬಹುದು. ಪುಟ್ಟ ಕ್ಯಾಮೆರಾಗಳಲ್ಲಿ ಅದು ಸಾಮಾನ್ಯವಾಗಿ ಎಫ್ 8ಕ್ಕೇ ನಿಲ್ಲುತ್ತದೆ. ಅದಕ್ಕಿಂತ ಕಿರಿದಾದರೆ ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡಿ, ಚಿತ್ರ ಮಸುಕಾಗುತ್ತದೆ. ಪಿಯುಸಿ ಪುಸ್ತಕದಲ್ಲಿ ಬರುವ ವಿವರ್ತನೆ ಇದೇ.

ಆದ್ದರಿಂದ ಕಪ್ಪು ಫಿಲ್ಟರ್ ಬೇಕು. 'ನ್ಯೂಟ್ರಲ್ ಡೆನ್ಸಿಟಿ', ಅಂದರೆ ಎನ್‌ಡಿ ಫಿಲ್ಟರ್ ಎಂದು ಇದರ ಹೆಸರು. ಎಲ್ಲ ಬಣ್ಣಗಳನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಡೆಯುವುದು ಇದರ ಗುಣ. ಎನ್‌ಡಿ 8 ಎಂದರೆ ಎಂಟನೇ ಒಂದು ಪಾಲು ಬೆಳಕು ಮಾತ್ರ ಒಳಗೆ. ಎನ್‌ಡಿ 64 ಎಂದರೆ 64ನೇ ಒಂದು ಪಾಲು. ಎನ್‌ಡಿ 1000 ಎಂದರೆ ಸಾವಿರದ ಒಂದು ಪಾಲು. ಕೆಲವು ಫಿಲ್ಟರ್‌ಗಳ ಮೇಲೆ ಇದನ್ನೇ 0.9, 1.8, 3.0 ಎಂದು ಬರೆದಿರುತ್ತಾರೆ. ಲಾಗರಿದಮ್ ಕಲಿತವರಿಗೆ ಗುಟ್ಟು ಹೊಳೆದಿರಬೇಕು: 1000ದ ಲಾಗ್ 3. ಎರಡರ ಲಾಗ್ 0.3 ಆದ್ದರಿಂದ ಪ್ರತಿ 0.3ಕ್ಕೂ ಬೆಳಕು ಅರ್ಧವಾಗುತ್ತದೆ. ಹತ್ತು ಸಲ ಅರ್ಧ ಮಾಡಿದರೆ 1024ನೇ ಒಂದು ಪಾಲು. ಸಾವಿರ ಎನ್ನುವುದು ಬಾಯಿಲೆಕ್ಕ.

ಈಗ ಲೆಕ್ಕ ಸುಲಭ. ಬಿಸಿಲಿನ 1/400 ಸೆಕೆಂಡು ಎನ್‌ಡಿ 1000ದ ಹಿಂದೆ ಎರಡೂವರೆ ಸೆಕೆಂಡಾಗುತ್ತದೆ. ಮೋಡ ಕವಿದ ಮುಂಜಾನೆಯ 1/30 ಸೆಕೆಂಡು ಹೆಚ್ಚುಕಡಿಮೆ 33 ಸೆಕೆಂಡಾಗುತ್ತದೆ. ನಮ್ಮ ಕರಾವಳಿಯ ಮೋಡದ ದಿನಗಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದವು!

ಜನ ಎಲ್ಲಿ ಹೋದರು?

"ಸರ್, ಅಷ್ಟು ಜನ ಇದ್ದರಲ್ಲ, ಅವರೆಲ್ಲ ಎಲ್ಲಿ ಹೋದರು?" ಇಂಥ ಚಿತ್ರ ನೋಡಿದ ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದು. ಉತ್ತರವೂ ಲೆಕ್ಕದಲ್ಲಿಯೇ ಇದೆ. ಒಬ್ಬರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಮೂರ್ತಿಯ ಮುಂದೆ ಅಡ್ಡ ಹಾದುಹೋದರು ಎನ್ನೋಣ. ಅವರ ಅಗಲ ಅರ್ಧ ಮೀಟರ್. ಹಿನ್ನೆಲೆಯ ಯಾವುದೇ ಒಂದು ಬಿಂದುವನ್ನು ಅವರು ಮರೆಮಾಡಿದ್ದು ಅರ್ಧ ಸೆಕೆಂಡು ಮಾತ್ರ. ಉಳಿದ 29.5 ಸೆಕೆಂಡು ಅಲ್ಲಿ ಕಲ್ಲೇ ಕಂಡಿದೆ. ಅರುವತ್ತರಲ್ಲಿ ಒಂದು ಪಾಲು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹದಿನೈದು ಸೆಕೆಂಡು ನಿಂತವರು ಪಾರದರ್ಶಕ ನೆರಳಿನಂತೆ ಕಾಣುತ್ತಾರೆ. ಪೂರ್ತಿ ಅಲುಗದೆ ನಿಂತವರು ಮಾತ್ರ ಸ್ಪಷ್ಟವಾಗಿ ಉಳಿಯುತ್ತಾರೆ.

1838ರಲ್ಲಿ ಫ್ರಾನ್ಸಿನ ಲೂಯಿ ಡಾಗೆರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಹಗಲು ಹೊತ್ತು, ಗಾಡಿ ಜನಗಳಿಂದ ಗಿಜಿಗುಡುವ ಬೀದಿ. ಆದರೆ ಚಿತ್ರದಲ್ಲಿ ಬೀದಿ ಬರಿದು. ಆಗಿನ ತಟ್ಟೆಗಳಿಗೆ ಬೆಳಕು ಹಲವು ನಿಮಿಷ ಬೀಳಬೇಕಾಗಿದ್ದರಿಂದ ನಡೆದವರೆಲ್ಲ ಅಳಿಸಿಹೋದರು. ಮೂಲೆಯಲ್ಲಿ ನಿಂತು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ ಉಳಿದುಕೊಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಅವನೊಬ್ಬನೆಂದು ಹೇಳುತ್ತಾರೆ.

ವೇಣೂರಿನಲ್ಲಿ ಉಳಿಯುವವನು ಬಾಹುಬಲಿ. ವರುಷವಿಡೀ ಅಲುಗದೆ ನಿಂತು, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದರೂ ಕದಲದವನ ಕತೆ ಅದು. ಅವನ ಮುಂದೆ ನಮ್ಮ ಅರ್ಧ ನಿಮಿಷ ಯಾವ ಲೆಕ್ಕ!

ಕೈಕೆಲಸ

ಕೆಲವು ಪುಟ್ಟ ಕ್ಯಾಮೆರಾಗಳ ಒಳಗೇ ಎಂಟನೇ ಒಂದು ಪಾಲಿನ ಎನ್‌ಡಿ ಫಿಲ್ಟರ್ ಇರುತ್ತದೆ. ಮೆನುವಿನಲ್ಲಿ ಹುಡುಕಿ ನೋಡಿ. ಇಲ್ಲದಿದ್ದರೆ ಹೊರಗಿನಿಂದ ಹಾಕಬೇಕು. ಮುಂದಕ್ಕೆ ಚಾಚುವ ಲೆನ್ಸಿನಲ್ಲಿ ತಿರುಪು ಇರುವುದಿಲ್ಲ, ಭಾರ ಹೊರಿಸಿದರೆ ಅದರ ಮೋಟಾರಿಗೆ ಪೆಟ್ಟು. ಕೆಲವು ಮಾದರಿಗಳಿಗೆ ಕೊಳವೆಯಂಥ ಅಡಾಪ್ಟರ್ ಸಿಗುತ್ತದೆ. ಅದೂ ಇಲ್ಲವಾದರೆ ಫಿಲ್ಟರನ್ನು ಲೆನ್ಸಿಗೆ ತಾಗದಂತೆ ಕೈಯಲ್ಲೇ ಹಿಡಿದು, ಸುತ್ತ ಕಪ್ಪು ರಟ್ಟಿನ ಬಳೆ ಮಾಡಿ ಪಕ್ಕದ ಬೆಳಕು ನುಗ್ಗದಂತೆ ನೋಡಿಕೊಳ್ಳಿ.

ಫೋಕಸ್ ಮತ್ತು ಚೌಕಟ್ಟು ಮೊದಲು ಸರಿಮಾಡಿ, ಫೋಕಸನ್ನು ಅಲ್ಲೇ ನಿಲ್ಲಿಸಿ, ನಂತರ ಫಿಲ್ಟರ್ ಹಾಕಿ; ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕಲಾರದು. ಗುಂಡಿ ಒತ್ತುವಾಗ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಬಳಸಿ. ಮುಕ್ಕಾಲಿ ಇಲ್ಲದಿದ್ದರೆ ಕಟ್ಟೆಯ ಮೇಲೆ ಎರಡು ಸೇರು ಅಕ್ಕಿಯ ಚೀಲ ಇಟ್ಟು ಕ್ಯಾಮೆರಾವನ್ನು ಅದರಲ್ಲಿ ಹುದುಗಿಸಿದರಾಯಿತು. ಚಿತ್ರ ತೆಗೆದ ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿದ್ದರೆ ಗಾಬರಿ ಬೇಡ. ಬೆಳಕಿಲ್ಲದ ಇನ್ನೊಂದು ಚಿತ್ರ ತೆಗೆದು, ಮೊದಲನೆಯದರ ಕಲೆಗಳನ್ನು ಅದು ಕಳೆಯುತ್ತಿರುತ್ತದೆ. ಇದು ಪೂಜಾಸ್ಥಳ, ಮುಕ್ಕಾಲಿ ಊರುವ ಮೊದಲು ಅಲ್ಲಿಯವರ ಅನುಮತಿ ಕೇಳುವುದು ಮರ್ಯಾದೆ.

ಹೆತ್ತವರಿಗೆ ಎರಡು ಮಾತು

ಮೂರ್ತಿಯ ಚಿತ್ರವಾದ ಮೇಲೆ ಮಕ್ಕಳು ಹೊಳೆಯತ್ತ ಓಡುತ್ತಾರೆ. ಹರಿಯುವ ನೀರು ಎನ್‌ಡಿ ಫಿಲ್ಟರಿನಲ್ಲಿ ಹಾಲಿನ ಕೆನೆಯಂತೆ, ರೇಷ್ಮೆಯಂತೆ ಮೂಡುತ್ತದೆ. ಎಚ್ಚರ ಬೇಕಾದದ್ದು ಇಲ್ಲಿಯೇ. ಅಪಾಯ ಸೂಚಿಸುವ ಸುಳಿ, ನೊರೆ, ಸೆಳೆತಗಳನ್ನೇ ಅರ್ಧ ನಿಮಿಷದ ಚಿತ್ರ ಅಳಿಸಿಹಾಕುತ್ತದೆ. ಮಳೆಗಾಲದ ಫಲ್ಗುಣಿ ಚಿತ್ರದಲ್ಲಿ ಎಷ್ಟು ಮೃದುವಾಗಿ ಕಂಡರೂ ನಿಜದಲ್ಲಿ ಹಾಗಿರುವುದಿಲ್ಲ. ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ಚಿತ್ರ ತೆಗೆಯುವುದು ಬೇಡವೇ ಬೇಡ. ದಡದ ಮೇಲಿನಿಂದಲೇ ಒಳ್ಳೆಯ ಚಿತ್ರ ಬರುತ್ತದೆ.

ಎರಡನೆಯದು ಸೂರ್ಯ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ ಕಂಡಾಗ ಬಳಸಿದ ಸೌರ ಕನ್ನಡಕಗಳು ಬೆಳಕನ್ನು ಸುಮಾರು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವಂಥವು. ಎನ್‌ಡಿ 1000 ಅದರ ನೂರು ಪಟ್ಟು ಬೆಳಕನ್ನು ಬಿಡುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಬಿಡುತ್ತದೆ. ಗಾಜು ಕಪ್ಪಗಿದೆ ಎಂದು ಅದರ ಮೂಲಕ ಸೂರ್ಯನನ್ನು ನೋಡಕೂಡದು.

ಎರಡು ಚಿತ್ರಗಳಿರಲಿ

ಪ್ರತಿ ಜಾಗದಲ್ಲೂ ಎರಡು ಚಿತ್ರ ತೆಗೆದು, ಅಡಿಯಲ್ಲಿ ಸಮಯ ಬರೆದಿಡಲು ಮಕ್ಕಳಿಗೆ ಹೇಳಿ: ಒಂದು ಕ್ಷಣದ ಚಿತ್ರ, ಒಂದು ಅರ್ಧ ನಿಮಿಷದ ಚಿತ್ರ. ಮೊದಲನೆಯದರಲ್ಲಿ ಅಂಗಳದ ಗದ್ದಲ, ಗೆಳೆಯರ ಮುಖ, ಹೊಳೆಯ ಸುಳಿ ಇರುತ್ತವೆ. ಎರಡನೆಯದರಲ್ಲಿ ನಿಂತದ್ದು ಮಾತ್ರ. ಎರಡೂ ನಿಜವೇ. ಚಿತ್ರ ಯಾವುದನ್ನು ಉಳಿಸಿತು, ಯಾವುದನ್ನು ಬಿಟ್ಟಿತು ಎಂದು ಕೇಳುವ ಅಭ್ಯಾಸವಾದರೆ, ದಿನವೂ ಕಣ್ಣಿಗೆ ಬೀಳುವ ನೂರಾರು ಚಿತ್ರಗಳನ್ನು ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ.

ವೇಣೂರಿನಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2024ರಲ್ಲಿ ನಡೆಯಿತು. ಜಾತ್ರೆಯ ಗದ್ದಲವಿಲ್ಲದ ವರ್ಷಗಳಲ್ಲಿ, ಮೋಡವಿರುವ ಬೆಳಿಗ್ಗೆ ಹೋಗುವುದು ಒಳ್ಳೆಯದು. ಅಕ್ಕಿಚೀಲ ಮರೆಯಬೇಡಿ.